ಮದುಮಗಳ ಬಂಡೆ

ಕಾಫಿ ರೇಟು ನೆಲಕಚ್ಚಿದ ಮೇಲೆ ದೇವರಮನೆ ಗುಡ್ಡದ ಕಡೆಯ ಎಸ್ಟೇಟೊಂದರ ಸಣ್ಣ ಸಾವ್ಕಾರ ರಾಜೀವ್ ತನ್ನ ಹಳೇ ಬಂಗಲೆಯನ್ನು ಹೋಂಸ್ಟೇ ಮಾಡಿದ. ಬಂದವರಿಗೆ ಗುಡ್ಡ ಸುತ್ತಿಸಲು ಕೂಲಿಯಾಳುಗಳ ಲೈನುಮನೆಯ ಸಿದ್ದಮ್ಮನನ್ನು ಕರೆದ. ಕಾಫಿ ಹಣ್ಣು ಕುಯ್ಯುತ್ತಲೇ ಪ್ರಾಯ ಕಳೆದವಳಾದರೂ ಅವಳದು ಅರಳು ಹುರಿದಂಥ ಮಾತು. ಭೀಮ ಮಂಡಿಯೂರಿ ನೀರು ಕುಡಿದ ಹೊಂಡ, ಹುಲಿಯನ್ನು ಕಾವಲಿಗೆ ಕೂರಿಸಿದ ಚೌಡಿಯ ಕಲ್ಲು, ಎಲ್ಲದರ ಕತೆಯನ್ನೂ ಹೇಳಿ ಪೇಟೆಯವರನ್ನು ಬೆರಗುಗೊಳಿಸುತ್ತಿದ್ದಳು. ತುದಿಯ ಕರಿಬಂಡೆ ಬಂದಾಗ ಮಾತ್ರ, "ಇದ್ರದ್ದು ಏನಿಲ್ಲ, ಬನ್ನಿ" ಎಂದು ಮುಂದೆ ನಡೆದುಬಿಡುತ್ತಿದ್ದಳು.

ಅದು ರಾಜೀವನ ಕಿವಿಗೆ ಬಿತ್ತು.

"ಕತೆ ಇಲ್ದಿದ್ರೆ ಒಂದು ಕಟ್ಟು ಸಿದ್ದಮ್ಮ. ಇಷ್ಟಪಟ್ಟ ಹುಡುಗನ್ನ ಬಿಟ್ಟಿರಲಾರದೆ ಮದುಮಗಳು ಹಾರಿದ ಬಂಡೆ ಅನ್ನು." ಮರುವಾರ ಅಲ್ಲೊಂದು ಬೋರ್ಡೂ ಎದ್ದಿತು.

ಆ ಬಂಡೆಯಿಂದ ಬಿದ್ದು ಸತ್ತವಳು ಸಿದ್ದಮ್ಮನ ಅಕ್ಕ ಮುತ್ತಮ್ಮ. ತೊಂಬತ್ತೊಂದರ ಮಳೆಗಾಲದ ಮಾತು. ಕಾಫಿ ಕಳುವಾಗುತ್ತದೆಂದು ರಾಜೀವನ ಅಪ್ಪ ತೋಟದೊಳಗಿನ ಕಾಲುದಾರಿಗೆ ಗೇಟು ಹಾಕಿಸಿದ್ದರು. ಲೈನಿನವರು ಬಸ್ಸಿನ ರಸ್ತೆಗೆ ಹೋಗಬೇಕೆಂದರೆ ಬಂಡೆಯ ಅಂಚಿನಲ್ಲೇ ಬಳಸಿ ಹೋಗಬೇಕಿತ್ತು. ಜ್ವರದ ಮಗುವಿಗೆ ಔಷಧಿ ತರುತ್ತಿದ್ದ ಮುತ್ತಮ್ಮ ಪಾಚಿಯ ಮೇಲೆ ಕಾಲು ಜಾರಿದಳು. ಮಗು ಬದುಕಿತು. ಅರುಣಾ ಎಂಬ ಆ ಮಗುವನ್ನು ಸಿದ್ದಮ್ಮನೇ ಸಾಕಿ, ಪಿಯುಸಿವರೆಗೆ ಓದಿಸಿದಳು.

ಎರಡು ವರ್ಷ ಹಲ್ಲು ಕಚ್ಚಿಕೊಂಡು ಸಿದ್ದಮ್ಮ ಮದುಮಗಳ ಕತೆ ಹೇಳಿದಳು. ಒಂದು ದಿನ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಅಂಚಿನಲ್ಲಿ ಕೈಚಾಚಿ ನಿಂತು, ಹಾರುವವಳಂತೆ ಫೋಟೋ ತೆಗೆಸಿಕೊಂಡು ನಕ್ಕಳು. ಸಿದ್ದಮ್ಮನಿಗೆ ತಡೆಯಲಾಗಲಿಲ್ಲ.

"ಮದುಮಗಳೂ ಇಲ್ಲ, ಮಣ್ಣೂ ಇಲ್ಲ ತಾಯಿ. ಇಲ್ಲಿ ಬಿದ್ದಿದ್ದು ನಮ್ಮಕ್ಕ. ದೊಡ್ಡ ಸಾವ್ಕಾರ್ರು ದಾರಿ ಮುಚ್ಚಿಸಿದ್ರು, ಅದಕ್ಕೇ ಬಿದ್ಲು."

ಬಂದವರು ಬಂಗಲೆಗೆ ಮರಳಿ ರಾಜೀವನಿಗೆ ದೂರು ಹೇಳಿದರು. ಸಂಜೆ ರಾಜೀವ್ ಸಿದ್ದಮ್ಮನನ್ನು ಕಾಫಿ ಒಣಗಿಸುವ ಕಣದ ಹತ್ತಿರ ನಿಲ್ಲಿಸಿಕೊಂಡ. "ಜನ ಖುಷಿಪಡೋಕೆ ಬರ್ತಾರೆ. ನಿಮ್ಮನೆ ಸಾವುನೋವು ಯಾರಿಗೆ ಬೇಕು? ನಾಳೆಯಿಂದ ಹಣ್ಣು ಕುಯ್ಯೋಕೆ ಹೋಗು."

ಅವಳ ಜಾಗಕ್ಕೆ ಅವನು ಕರೆದದ್ದು ಅರುಣಾಳನ್ನು. ಹುಡುಗಿ ಚಿಕ್ಕಮ್ಮನನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡುಬಿಟ್ಟಿದ್ದಳು.

ಕೆಲವು ದಿನಗಳ ಮೇಲೆ ಬಂಡೆಯ ಕೆಳಗಿನ ತೋಟದ ಪಟ್ಟೆಯಲ್ಲಿ ಹಣ್ಣು ಕುಯ್ಯುತ್ತಿದ್ದ ಸಿದ್ದಮ್ಮನಿಗೆ ಮೇಲಿಂದ ಅರುಣಾಳ ದನಿ ಕೇಳಿಸಿತು. ಕತೆಯ ಮದುಮಗಳಿಗೆ ಹೊಸದಾಗಿ ಕೆಂಪು ಸೀರೆ ಬಂದಿತ್ತು, ಕೊನೆಯ ಮಾತೂ ಬಂದಿತ್ತು. ಕತೆ ಮುಗಿದಾಗ ಯಾರೋ ಬಿಕ್ಕಿದ್ದು ಕೇಳಿತು, ಆಮೇಲೆ ಜನ ಚಪ್ಪಾಳೆ ತಟ್ಟಿದರು.

ಮನೆಗೆ ಬಂದವಳನ್ನು ಸಿದ್ದಮ್ಮ ಬಾಗಿಲಲ್ಲೇ ಹಿಡಿದಳು. "ಹೆತ್ತವ್ವ ಸತ್ತ ಜಾಗ ಕಣೇ ಅದು! ನಾಲಿಗೆ ಹೆಂಗೆ ಹೊರಳ್ತು ನಿಂಗೆ?"

"ಅವ್ವನ ಮುಖಾನೇ ನಂಗೆ ನೆನಪಿಲ್ಲ ಚಿಕ್ಕಮ್ಮ. ನೀವು ನಿಜ ಹೇಳಿದ್ರಲ್ಲ, ಯಾರಾದ್ರೂ ಅತ್ರಾ? ಆ ಮದುಮಗಳಿಗಾದ್ರೆ ಅಳ್ತಾರೆ."

ಹೊಡೆಯಲೆಂದು ಎತ್ತಿದ ಕೈಯನ್ನು ಸಿದ್ದಮ್ಮ ಇಳಿಸಿದಳು. ಒಳಗೆ ಹೋಗಿ ಅನ್ನ ಬಡಿಸಿದಳು. ಆಮೇಲೆ ಆ ಮನೆಯಲ್ಲಿ ಮುತ್ತಮ್ಮನ ಹೆಸರನ್ನು ಇಬ್ಬರೂ ಎತ್ತಲಿಲ್ಲ.