ಹೊಗೆನಕಲ್ಲಿನ ಆ ಕಡೆ

ಪೊಂಗಲ್ ಕಳೆದ ಮೊದಲ ಶನಿವಾರ, ಮಧ್ಯಾಹ್ನದ ಊಟ ಮುಗಿಸಿ, ಸೇಲಂ ನಿಲ್ದಾಣದಲ್ಲಿ ಧರ್ಮಪುರಿಯ ಬಸ್ಸು ಹತ್ತಿದೆವು. ನಾವು ಎಂದರೆ ನಾನು ಮತ್ತು ನನ್ನ ಗೆಳೆಯ ರಾಮಲಿಂಗ. ಅವನದು ಸೇಲಂನ ಕನ್ನಡ ಮಾತಿನ ನೇಕಾರರ ಮನೆ. ಮನೆಯಲ್ಲಿ ಮೂರು ಮಗ್ಗ, ಒಂದರಲ್ಲಿ ಅವನೇ ಕೂರುತ್ತಾನೆ. ನಾನು ಮಾರಂಡಹಳ್ಳಿಯ ರಾಗಿ ಹೊಲದವರ ಮಗ. ಮೈಸೂರಿನಲ್ಲಿ ಏಳು ವರ್ಷ ಓದಿ, ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಎರಡು ಕೆಲಸ ಬಿಟ್ಟು, ಈಗ ಸೇಲಂನ ಒಂದು ಟ್ಯುಟೋರಿಯಲ್‌ನಲ್ಲಿ ಪಾಠ ಹೇಳುತ್ತಿದ್ದೇನೆ. ಭಾನುವಾರ ಬಂತೆಂದರೆ ಎಲ್ಲಾದರೂ ಹೊರಡದೆ ಇರಲಾರೆ. ಆದರೆ ಈ ಸಲ ಹೊರಡಿಸಿದವನು ರಾಮಲಿಂಗ. ಹೊಗೆನಕಲ್ಲಿನಲ್ಲಿ ನದಿಯ ದಡದ ಉದ್ದಕ್ಕೂ ಒಂದು ಪೇಟೆಯೇ ಇದೆ. ಆ ಪೇಟೆಯಲ್ಲಿ ಅವನಿಗೆ ಒಬ್ಬಳನ್ನು ಕಾಣಬೇಕಿತ್ತು.

ಅವಳ ಹೆಸರು ಸರೋಜ. ಲಿಂಗನಿಗೆ ದೂರದ ನೆಂಟಳು, ಕೊಟ್ಟು ತರುವ ಸಂಬಂಧ. ಅವಳ ಅಪ್ಪನೂ ಹಿಂದೆ ಸೇಲಂನಲ್ಲಿ ಮಗ್ಗ ಹೂಡಿದ್ದವರೇ. ಟವೆಲ್ ಮಾರಲೆಂದು ಒಮ್ಮೆ ಹೊಗೆನಕಲ್ಲಿಗೆ ಹೋದವರು, ಮಗ್ಗ ಬಿಚ್ಚಿ, ಅಂಗಡಿ ಹಾಕಿ ಅಲ್ಲೇ ನೆಲೆ ನಿಂತರು. ಬರುವ ವಾರ ಈರೋಡಿನಿಂದ ಯಾರೋ ಅವಳನ್ನು ನೋಡಲು ಬರುವವರಿದ್ದರು. ಅದಕ್ಕೆ ಮೊದಲು ಒಂದು ಮಾತು ಆಡಿಬಿಡಬೇಕು, ಆಗುತ್ತದೋ ಇಲ್ಲವೋ ತಿಳಿದುಬಿಡಬೇಕು ಎಂಬುದು ಲಿಂಗನ ಹಟ.

ತೊಪ್ಪೂರು ಘಾಟಿಯಲ್ಲಿ ಲಾರಿಗಳ ಸಾಲಿನ ಹಿಂದೆ ಬಸ್ಸು ಉಸಿರು ಬಿಡುತ್ತ ಏರಿತು. ಟಿಕೆಟ್ಟು ಹತ್ತು ರೂಪಾಯಿಯೋ ಹನ್ನೊಂದೋ. ಇದನ್ನು ಬರೆಯುತ್ತಿರುವುದು ಹಿಂತಿರುಗಿದ ನಾಲ್ಕನೆಯ ದಿನ, ಆಗಲೇ ಮರೆತಿದೆ. ಅದಿಯಮಾನ್‌ಕೋಟೆ ಬಂದಾಗ ಲಿಂಗ ಕಿಟಕಿಯ ಹೊರಗೆ ಬೆರಳು ಮಾಡಿದ. ಕಾರ್ತಿಕದಲ್ಲಿ ಅಲ್ಲಿನ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಮದುವೆಯಲ್ಲೇ ಸರೋಜ ನನ್ನ ಹತ್ತಿರ ಮಾತಾಡಿದ್ದು. ತಾಂಬೂಲ ಹಂಚುತ್ತ ಬಂದವಳು ನನ್ನ ಮುಂದೆ ಒಂದು ಗಳಿಗೆ ನಿಂತು, ತಟ್ಟೆ ನೋಡುತ್ತಲೇ ಲಿಂಗನಿಗೆ ಹೇಳಬೇಕಾದ್ದನ್ನು ನನಗೆ ಹೇಳಿ ಮುಂದೆ ಹೋದಳು. ಲಿಂಗ ಆಗ ಬಾಳೆಕಂಬದ ಹತ್ತಿರ ನಿಂತು ಫ್ಯಾನನ್ನು ನೋಡುವವನಂತೆ ನಟಿಸುತ್ತಿದ್ದ.

"ಏನಂದ್ಳು, ಇನ್ನೊಂದ್ಸಲ ಏಳ್ಲಾ."

"ಪೊಂಗಲ್ ಆದ ಮೊದಲ ಭಾನುವಾರ ಬನ್ನಿ. ಅಪ್ಪ ಬಸ್ ಸ್ಟ್ಯಾಂಡ್ ಹತ್ತಿರ ಇರ್ತಾರೆ. ನಾನು ಆಚೆ ದಡದಲ್ಲಿ ಇರ್ತೀನಿ, ಅಲ್ಲಿಗೆ ಬನ್ನಿ. ಅಷ್ಟೇ."

"ಆಚೆ ದಡದಾಗೆ ಏನ್ ಮಾಡ್ತಾಳೆ ಅವ್ಳು?"

"ಅದನ್ನ ಕೇಳಲಿಲ್ಲ."

"ಎಂ.ಎ. ಓದಿರೋನು, ಕೇಳ್ಬೇಕಲ್ವೇನ್ಲಾ!"

ನೆನಪೆಂಬುದು ಕಣಜವಲ್ಲ, ತೆಗೆದಾಗಲೆಲ್ಲ ಹೊಸದಾಗಿ ಬೇಯಿಸುವ ಅಡಿಗೆ ಎಂದು ಹುಡುಗರಿಗೆ ಪಾಠ ಹೇಳುವವನು ನಾನು. ಆದರೂ ಆ ದಿನ ಬಸ್ಸಿನಲ್ಲಿ ನನಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ಅವಳ ಕೈಯ ಹಸಿರು ಬಳೆ ಕೂಡ ನೆನಪಿತ್ತು.

ಧರ್ಮಪುರಿಯಲ್ಲಿ ಟೀ ಕುಡಿದು ಬಸ್ಸು ಬದಲಿಸಿದೆವು. ಅಲ್ಲಿಂದ ಹೊಗೆನಕಲ್ಲಿಗೆ ನಲವತ್ತಾರು ಕಿಲೋಮೀಟರು. ಪೆನ್ನಾಗರಂ ದಾಟಿದ ಮೇಲೆ ಕಾಡು. ಆ ದಾರಿಯಲ್ಲಿ ಈಗೀಗ ತಪಾಸಣೆ ಜಾಸ್ತಿ; ಪೊಲೀಸನೊಬ್ಬ ಹತ್ತಿ ಚೀಲಗಳನ್ನು ಮುಟ್ಟಿ ನೋಡಿದ. ಲಿಂಗನ ಚೀಲದಲ್ಲಿ ಒಗೆದು ಮಡಿಸಿದ ಬಿಳಿ ಅಂಗಿಯ ಹೊರತು ಏನೂ ಇರಲಿಲ್ಲ. "ಕಲ್ಯಾಣಮಾ?" ಎಂದು ಪೊಲೀಸ ನಕ್ಕ. ಮದುವೆಯೇ ಎಂದು ಅವನು ಕೇಳಿದ್ದಕ್ಕೆ ಲಿಂಗ ಕೆಂಪಾದ. ಇಳಿಜಾರಿನಲ್ಲಿ ಬಸ್ಸು ಕೊನೆಯ ತಿರುವು ತಿರುಗುವಾಗ ಗಾಳಿ ತಣ್ಣಗಾಗಿ, ದೂರದಲ್ಲಿ ನೀರು ಬೀಳುವ ಸದ್ದು ಕೇಳಿತು.

ಇಳಿದಾಗ ಹೊತ್ತು ಮುಳುಗುತ್ತಿತ್ತು. ನಿಲ್ದಾಣದಿಂದ ನೀರಿನವರೆಗೆ ಇಕ್ಕೆಲದಲ್ಲೂ ಅಂಗಡಿಗಳು: ಕೆಂಪು ಮಸಾಲೆ ಬಳಿದು ಸಾಲಾಗಿ ಮಲಗಿಸಿದ ಮೀನು, ಉಪ್ಪು ಕಾರ ಸವರಿದ ಅನಾನಸ್, ತೋರಣದಂತೆ ತೂಗುವ ಶಾಂಪೂ ಪೊಟ್ಟಣ, ಬನಿಯನ್ನು, ಚಡ್ಡಿ, ಕಪ್ಪು ಕನ್ನಡಕ, ಪ್ಲಾಸ್ಟಿಕ್ ಪೀಪಿ. ಎಣ್ಣೆ ಉಜ್ಜುವವರು ಬಾಟಲಿಗಳನ್ನು ಒಂದಕ್ಕೊಂದು ತಟ್ಟಿ ಕರೆಯುತ್ತಿದ್ದರು. ಮೀನು ಕೊಂಡು ಕೊಟ್ಟರೆ ಅಲ್ಲೇ ಸಾರು ಮಾಡಿ ಬಡಿಸುವ ಹೆಂಗಸರು ನಮ್ಮನ್ನು ಅಡ್ಡಗಟ್ಟಿ ಕರೆದರು. ಲಿಂಗ ಮೀನು ಮುಟ್ಟುವವನಲ್ಲ. ಮೂಗಿಗೆ ಟವೆಲ್ ಹಿಡಿದೇ ನಡೆದ. ಹೆಗಲ ಮೇಲಿನ ಆ ಟವೆಲ್ಲು ಅವನೇ ನೆಯ್ದದ್ದು, ಬಿಳಿಯ ಮೇಲೆ ನೀಲಿ ಅಂಚು. ಸರೋಜಳ ಅಪ್ಪ ಎಲ್ಲಿ ನೋಡಿಬಿಡುತ್ತಾರೋ ಎಂಬ ಭಯಕ್ಕೂ ಅದು ಒದಗಿತು. ಲಾಡ್ಜಿನ ಕೋಣೆ ಸೇರಿ, ಇಡ್ಲಿ ತರಿಸಿ ತಿಂದು ಮಲಗಿದೆವು.

ಭಾನುವಾರ ಬೆಳಿಗ್ಗೆ ಲಿಂಗ ಬಿಳಿ ಅಂಗಿ ಹಾಕಿಕೊಂಡು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದ. ಪೇಟೆಯ ಹಿಂದಿನ ಓಣಿಯಿಂದ ಇಳಿದು ನೇರವಾಗಿ ನದಿಗೆ ಹೋದೆವು. ನೀರು ಇಳಿದ ಕಾಲ; ಬಂಡೆಗಳ ನಡುವೆ ಹಸಿರಾಗಿ ನಿಂತಿತ್ತು. ಪರಿಸಲು, ಅಂದರೆ ಬಿದಿರು ಹೆಣೆದು ಟಾರು ಬಳಿದ ಹರಿಗೋಲು, ನಾವು ಹತ್ತಿದ್ದೇ ಗಿರ್ರನೆ ಒಂದು ಸುತ್ತು ಸುತ್ತಿತು. ಲಿಂಗ ನನ್ನ ತೋಳು ಹಿಡಿದುಕೊಂಡ.

"ಈಸು ಬತ್ತದೇನ್ಲಾ ನಿಂಗೆ?"

"ಇಲ್ಲ."

"ನಂಗೂ ಇಲ್ಲ. ಇಂಥಾ ಜಾಗಕ್ಕೆ ದಿನಾ ಬತ್ತಾಳಾ ಅವ್ಳು? ಗಟ್ಟಿಗಿತ್ತಿ ಬುಡು."

ಆಚೆ ದಡ ಕರ್ನಾಟಕ. ಮರಳು, ಮೂರು ನಾಲ್ಕು ಗರಿ ಚಪ್ಪರ, ಮೀನು ಕರಿಯುವ ಬಾಣಲೆಗಳು, ಟೀ ಮಾರುವ ಒಬ್ಬ ಅಜ್ಜಿ. ಸರೋಜ ಇರಲಿಲ್ಲ. ಇನ್ನೂ ಬೇಗ ಎಂದು ಕೂತೆವು. ಪರಿಸಲುಗಳು ಬಂದವು, ಹೋದವು. ಪ್ರತಿ ಸಲ ಲಿಂಗ ಎದ್ದು ಅಂಗಿ ಕೊಡವಿಕೊಂಡ. ಪ್ರತಿ ಸಲ ಕುಟುಂಬವೊಂದು ಇಳಿದು ಫೋಟೋ ತೆಗೆಸಿಕೊಂಡಿತು. ಹೊತ್ತು ಏರಿ ಮರಳು ಕಾಯತೊಡಗಿತು. ಅಜ್ಜಿಯನ್ನು ಕೇಳಿದರೆ ಸರೋಜ ಎಂಬವಳು ಇತ್ತ ಬಂದದ್ದೇ ಇಲ್ಲವೆಂದಳು.

"ನಮ್ಮನ್ನ ಆಟ ಆಡ್ಸಿದ್ಳು," ಎಂದ ಲಿಂಗ. ಮುಖ ಬಾಡಿತ್ತು. "ಇಷ್ಟ ಇಲ್ಲ ಅನ್ನೋದ್ನ ಇಂಗೇಳವ್ಳೆ. ಈರೋಡ್ನೋರಿಗೇ ಒಪ್ಪಿರ್ಬೇಕು."

ನನಗೆ ಆಗ ಮೊದಲ ಸಲ ಅನುಮಾನ ಬಂತು. ಅವಳ ಬಳೆ ನಿಜವಾಗಿ ಹಸಿರಾಗಿತ್ತೆ? ಮದುವೆಯಲ್ಲಿ ಎಲ್ಲರ ಬಳೆಯೂ ಹಸಿರೇ. ಬಳೆಯನ್ನು ನಾನೇ ತೊಡಿಸಿರಬಹುದಾದರೆ, ಮಾತನ್ನೂ ತೊಡಿಸಿರಬಹುದು.

"ಲಿಂಗ, ಅವಳು 'ಆಚೆ ದಡ' ಅಂತ ಅನ್ನಲಿಲ್ಲವೇನೋ."

"ಮತ್ತೇನಂದ್ಳು? ಅವ್ಳ ಬಾಯಾಗೆ ಎಂಗ್ ಬಂತೋ ಅಂಗೇ ಏಳು. ನಿನ್ನ ಮೈಸೂರು ಮಾತು ಬ್ಯಾಡ."

ಕಣ್ಣು ಮುಚ್ಚಿ, ತಾಂಬೂಲದ ತಟ್ಟೆಯನ್ನು ಮುಂದಿಟ್ಟುಕೊಂಡು, ಅವಳ ದನಿಯನ್ನೇ ಹಿಡಿಯಲು ನೋಡಿದೆ. "'ಅಪ್ಪಾರು ಬಸ್ ಸ್ಟ್ಯಾಂಡ್ ಕಡೇಲಿ ಇರ್ತಾರೆ. ನಾ ಆ ಕಡೇಲಿ ಇರ್ತೀನಿ, ಅಲ್ಗೇ ಬನ್ನಿ.'"

ಲಿಂಗ ನನ್ನನ್ನು ನೋಡಿದ. ಮರಳಿನ ಮೇಲೆ ದೊಪ್ಪನೆ ಕೂತ. ಅಳುತ್ತಾನೆಂದುಕೊಂಡೆ, ನಗುತ್ತಿದ್ದ.

"ಕಡೆ ಅಂದ್ರೆ ಅಂಗ್ಡಿ ಕಣ್ಲಾ, ಮುಟ್ಠಾಳ! ಅವ್ರದು ಎರಡು ಅಂಗ್ಡಿ. ಬಸ್ ಸ್ಟ್ಯಾಂಡಾಗೆ ಅಪ್ಪ, ಇನ್ನೊಂದ್ರಾಗೆ ಮಗ್ಳು. ನನ್ನ ನದಿ ದಾಟಿಸ್ಬುಟ್ಯಲ್ಲೋ!"

ಕರ್ನಾಟಕದ ಓದುಗರಿಗೆ ಇಲ್ಲಿ ಒಂದು ಮಾತು. ತಮಿಳಿನಲ್ಲಿ ಅಂಗಡಿಗೆ ಕಡೈ ಎನ್ನುತ್ತಾರೆ. ನಮ್ಮ ಸೀಮೆಯ ಕನ್ನಡಿಗರ ಬಾಯಲ್ಲಿ ಅದು ಕಡೆ. ನನ್ನ ಅಜ್ಜಿ ಉಪ್ಪು ತರಲು 'ಕಡೆಗೆ' ಕಳಿಸುತ್ತಿದ್ದದ್ದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಮೈಸೂರಿನಲ್ಲಿ ಏಳು ವರ್ಷ ಅಂಗಡಿಯನ್ನು ಅಂಗಡಿ ಎಂದೇ ಅಂದು ಅಂದು, ಕಿವಿ ಆ ಅರ್ಥವನ್ನು ಕೈಬಿಟ್ಟಿತ್ತು. ಅವಳು ಅಂಗಡಿಯ ಗುರುತು ಹೇಳಿದಳು, ನಾನು ದಿಕ್ಕು ಕೇಳಿಸಿಕೊಂಡೆ.

ಮರಳುವ ಪರಿಸಲಿನಲ್ಲಿ ಲಿಂಗ ಯಾರ ತೋಳನ್ನೂ ಹಿಡಿಯಲಿಲ್ಲ. ದಡ ಮುಟ್ಟುವ ಮೊದಲೇ ಹಾರಿ, ಮೊಣಕಾಲುದ್ದ ಪಂಚೆ ನೆನೆಸಿಕೊಂಡ.

ಅಂಗಡಿ ಸ್ನಾನದ ಮೆಟ್ಟಿಲುಗಳ ಪಕ್ಕದಲ್ಲೇ ಇತ್ತು. ಮುಂದೆ ಟವೆಲ್ಲು, ಸೋಪು, ಎಣ್ಣೆ ಪೊಟ್ಟಣ. ಹಿಂದೆ ಸ್ವಲ್ಪ ಖಾಲಿ ಜಾಗ, ಅದರಾಚೆಗೆ ನೀರು. ಸರೋಜ ಗಲ್ಲೆಯ ಹಿಂದೆ ನಿಂತಿದ್ದಳು. ಲಿಂಗನ ಒದ್ದೆ ಪಂಚೆ ನೋಡಿ, ನನ್ನತ್ತ ತಿರುಗಿದಳು.

"ಅಣ್ಣಾ, ಬೆಳಿಗ್ಗೆಯಿಂದ ಕಾಯ್ತಾವ್ನಿ. ಎಲ್ಲೋಗಿದ್ರಿ?"

"ಆ ಕಡೆಗೆ."

"ಇದೇ ಆ ಕಡೆ!"

ನನ್ನನ್ನು ಅಣ್ಣ ಎಂದಳು. ಅವನನ್ನು ಏನೂ ಅನ್ನಲಿಲ್ಲ. ನಮ್ಮಲ್ಲಿ ಮದುವೆಯಾಗಬಹುದಾದವನನ್ನು ಯಾವ ಹುಡುಗಿಯೂ ಅಣ್ಣ ಎನ್ನುವುದಿಲ್ಲ. ಲಿಂಗನ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ.

"ಅಪ್ಪಾರು ಊಟಕ್ಕೆ ಇಲ್ಗೇ ಬತ್ತಾರೆ. ಟೈಮ್ ಇಲ್ಲ, ನೇರವಾಗಿ ಏಳ್ತೀನಿ," ಎಂದಳು, ಈಗ ಅವನನ್ನೇ ನೋಡುತ್ತ. "ನಾ ಸೇಲಂಗೆ ಬರಲ್ಲ. ನಮ್ಮವ್ವ ಮದ್ವೆ ಆಗಿ ಬಂದ ದಿನದಿಂದ ಕಂಡಿಕೆ ಸುತ್ತಿದ್ಳು. ಲಾಳಿಗೆ ನೂಲು ತುಂಬ್ಸೋದು ಬಿಟ್ರೆ ಬೇರೆ ಲೋಕ ಕಾಣ್ಲಿಲ್ಲ. ನಂಗೆ ಈ ಕಡೆ ಐತೆ, ನಾಕು ಜನ ಬತ್ತಾರೆ, ಮಾತಾಡ್ತಾರೆ. ಇದ್ನ ಬುಟ್ಟು ಬರಲ್ಲ. ನಿಮ್ಮ ಮ್ಯಾಲೆ ಬ್ಯಾಸ್ರ ಇಲ್ಲ. ಇದನ್ನೇ ಏಳಕ್ಕೆ ಬರಕ್ಕೆ ಏಳಿದ್ದು."

ಮಗ್ಗ ಬಿಟ್ಟು ಲಿಂಗನಿಗೆ ಬೇರೆ ಕೆಲಸ ಗೊತ್ತಿಲ್ಲ, ಬಿಡುವ ಮನಸ್ಸೂ ಇಲ್ಲ. ಅವಳಿಗೂ ಅದು ಗೊತ್ತಿತ್ತು. ನಾನು ಸೋಪಿನ ಬೆಲೆ ಓದುತ್ತ ನಿಂತೆ.

ಅಷ್ಟರಲ್ಲಿ ಸ್ನಾನ ಮುಗಿಸಿದ ಸ್ಥೂಲಕಾಯದ ಗಿರಾಕಿಯೊಬ್ಬರು ನೀರು ಸುರಿಸುತ್ತ ಬಂದು ಟವೆಲ್ ಕೇಳಿದರು. ಸರೋಜ ಮೇಲಿನದೊಂದನ್ನು ಎಳೆದು ಕೊಟ್ಟಳು. ಲಿಂಗನ ಕೈ ತಾನಾಗಿ ಮುಂದೆ ಹೋಯಿತು. ಎರಡು ಬೆರಳಲ್ಲಿ ಟವೆಲ್ಲಿನ ಅಂಚು ಉಜ್ಜಿ ನೋಡಿ, "ಇದು ತಣ್ಣಿ ಕುಡಿಕ್ಕಾದು ಸಾರ್," ಎಂದುಬಿಟ್ಟ. ಇದು ನೀರು ಹೀರುವುದಿಲ್ಲ ಎಂದು ಗಿರಾಕಿಗೆ ತಮಿಳಿನಲ್ಲಿ ಹೇಳಿದ್ದು ಅದು.

"ಅಯ್ಯೋ! ನನ್ನ ಕಡೆ ಮುಂದೆ ನಿಂತ್ಕಂಡು ನನ್ನ ಯಾಪಾರಕ್ಕೇ ಕಲ್ಲು ಆಕ್ತೀರಲ್ಲ!"

"ಪವರ್‌ಲೂಮ್ ಮಾಲು. ಗಂಜಿ ಬಳ್ದವ್ರೆ. ಮೈ ಮ್ಯಾಲೆ ಜಾರ್ತೈತೆ ಅಷ್ಟೇ. ಇದ್ರಾಗೆ ಒರ್ಸಿ ನೋಡ್ಲಿ," ಎಂದು ಹೆಗಲ ಮೇಲಿನದನ್ನು ತೆಗೆದು ಗಿರಾಕಿಯ ಕೈಗೆ ಕೊಟ್ಟ.

ಗಿರಾಕಿ ತಲೆ ಒರೆಸಿಕೊಂಡರು. ಬೆನ್ನು ಒರೆಸಿಕೊಂಡರು. ಟವೆಲ್ಲನ್ನು ತಿರುಗಿಸಿ ನೋಡಿ, ತಮಗೆ ಇದೇ ಬೇಕು, ಇಂಥದ್ದೇ ಇನ್ನೂ ಎರಡು ಬೇಕು ಎಂದರು. ಲಿಂಗ "ಇದು ನಂದು, ಮಾರಾದಲ್ಲ" ಎನ್ನುವುದರೊಳಗೆ ಸರೋಜ ಅದಕ್ಕೊಂದು ಬೆಲೆ ಹೇಳಿ, ದುಡ್ಡು ಗಲ್ಲೆಗೆ ಹಾಕಿಕೊಂಡು, ಉಳಿದೆರಡನ್ನು ಮುಂದಿನ ಸಲ ಬಂದಾಗ ಕೊಡುವುದಾಗಿ ಒಪ್ಪಿಸಿಯೂ ಆಗಿತ್ತು. ಗಿರಾಕಿ ಹೋದರು, ಲಿಂಗನ ಟವೆಲ್ಲನ್ನು ಸೊಂಟಕ್ಕೆ ಬಿಗಿದುಕೊಂಡು.

ಲಿಂಗ ಬರಿ ಹೆಗಲು ಮುಟ್ಟಿಕೊಂಡ. ಸರೋಜ ನಗು ತಡೆಯಲಾರದೆ ಗಲ್ಲೆಯ ಹಿಂದೆ ಬಗ್ಗಿದಳು. ಎದ್ದಾಗ ಮುಖ ಬೇರೆಯಾಗಿತ್ತು.

"ದಿನಕ್ಕೆ ಇಂಥಾವು ಎಷ್ಟು ನೇಯ್ತೀರಿ?"

"ಸೇಲಂ ಬಿಸ್ಲಾಗೆ ನೂಲು ಅರೀತಾನೇ ಇರ್ತೈತೆ, ಗಂಟಾಕದ್ರಾಗೇ ಅರ್ಧ ಒತ್ತು ಓಯ್ತದೆ." ಅವನು ನೀರಿನತ್ತ ತಿರುಗಿ, ಗಾಳಿಯಲ್ಲಿ ಬೆರಳು ಉಜ್ಜಿದ. "ಇಲ್ಲಾದ್ರೆ ಜಾಸ್ತಿ ಆಯ್ತದೆ. ಗಾಳಿ ತ್ಯಾವ ಐತೆ."

"ಇಲ್ಲಿ ಮಗ್ಗಕ್ಕೆ ಗುಂಡಿ ತೋಡಕ್ಕಾಗಲ್ಲ. ಎಲ್ಲಾ ಬಂಡೆ."

"ಗುಂಡಿ ಬ್ಯಾಡ. ಚೌಕಟ್ಟಿನ ಮಗ್ಗ ನೆಲದ ಮ್ಯಾಲೇ ನಿಲ್ತೈತೆ. ಸೇಲಂ ಮಗ್ಗ ನಮ್ಮಣ್ಣ ನೋಡ್ಕತಾನೆ. ಆಮೇಲೆ... ಕಂಡಿಕೆ ನಾನೇ ಸುತ್ಕತೀನಿ."

"ಮೀನು ವಾಸ್ನೆ?"

"ಅಬ್ಯಾಸ ಆಯ್ತದೆ," ಎಂದ ಲಿಂಗ. ಆ ಕ್ಷಣಕ್ಕೇ ಪಕ್ಕದ ಬಾಣಲೆಯ ಹೊಗೆ ಬಂದು ಕೆಮ್ಮಿದ.

ದೂರದಲ್ಲಿ ಊಟದ ಕ್ಯಾರಿಯರ್ ಹಿಡಿದು ಅವಳ ಅಪ್ಪ ಬರುತ್ತಿದ್ದರು. "ಓಗಿ, ಓಗಿ, ಸೀಕ್ರಂ!" ಎಂದು ಸರೋಜ ನಮ್ಮನ್ನು ಅಟ್ಟಿದಳು. ಅಪ್ಪನ ಹತ್ತಿರ ಮಾತಾಡುವುದು ತನ್ನ ಪಾಲು ಎಂದಳೋ, ಮಾತಾಡಬೇಕು ಎಂದಷ್ಟೇ ಅಂದಳೋ, ನೀರಿನ ಸದ್ದಿನಲ್ಲಿ ಖಚಿತವಾಗಿ ಕೇಳಲಿಲ್ಲ. ಅದನ್ನು ಇಲ್ಲಿ ಹಾಗೆಯೇ ಬಿಡುತ್ತೇನೆ. ಅವಳು ಹೌದು ಎಂದದ್ದಂತೂ ಇಲ್ಲ.

ಮೂರು ಗಂಟೆಯ ಬಸ್ಸಿಗೆ ಹೊರಟೆವು. ನಿಲ್ದಾಣಕ್ಕೆ ಏರುವ ದಾರಿಯಲ್ಲಿ ಒಂದು ತಿರುವಿನಿಂದ ದಡದ ಅಂಗಡಿಗಳ ಹಿಂಭಾಗ ಕಾಣುತ್ತದೆ. ಅಲ್ಲಿ ನಿಂತು ನೋಡಿದೆವು. ಅವಳ ಅಪ್ಪ ಗಲ್ಲೆಯಲ್ಲಿ ಕೂತಿದ್ದರು. ಸರೋಜ ಅಂಗಡಿಯ ಹಿಂದಿನ ಖಾಲಿ ಪೆಟ್ಟಿಗೆಗಳನ್ನು ಒಂದೊಂದಾಗಿ ಗೋಡೆಗೆ ಸರಿಸುತ್ತಿದ್ದಳು. ಸರಿಸಿ ಆದ ಮೇಲೆ ಬಗ್ಗಿ, ಮೊಣಕೈಯನ್ನು ನೆಲಕ್ಕೆ ಊರಿ, ಬೆರಳ ತುದಿಗೆ ಗುರುತಿಟ್ಟು, ಮತ್ತೆ ಮೊಣಕೈ ಊರಿ, ಬಂಡೆಯನ್ನು ಮೊಳ ಹಾಕತೊಡಗಿದಳು.

ಗೋಡೆಯವರೆಗೆ ಹೋಗಿ ಎದ್ದು ನಿಂತವಳು ತಲೆ ಎತ್ತಿ ದಾರಿಯತ್ತ ನೋಡಿದಳು. ಕೂಗಿದರೆ ಕೇಳುವ ದೂರವಲ್ಲ. ಎರಡೂ ಕೈ ಬಿಚ್ಚಿ, ಸಾಕೇ ಎನ್ನುವಂತೆ ಗಲ್ಲ ಎತ್ತಿದಳು. ಲಿಂಗ ಚೀಲವನ್ನು ನನ್ನ ಕಾಲ ಮೇಲೆ ಕೆಡವಿ ತನ್ನ ಎರಡೂ ಕೈ ಬಿಚ್ಚಿದ. ಸಾಲದೆಂದು ಇನ್ನೂ ಬಿಚ್ಚಿದ. ಅವಳು ಸೊಂಟದ ಮೇಲೆ ಕೈ ಇಟ್ಟು ಒಂದು ಗಳಿಗೆ ಯೋಚಿಸಿ, ಕೊನೆಯ ಪೆಟ್ಟಿಗೆಯನ್ನೂ ಕಾಲಿನಿಂದ ಪಕ್ಕಕ್ಕೆ ತಳ್ಳಿದಳು.