ಖಾಲಿ ಕತ್ತರಿಯ ಸದ್ದು

ಅವರ ಬಲಗೈ ಹೆಬ್ಬೆರಳಿನ ಸುತ್ತ ಒಂದು ಗೆರೆ ಇಳಿದಿತ್ತು. ಉಂಗುರ ಹಾಕಿ ತೆಗೆದ ಗುರುತಿನಂತೆ, ಆದರೆ ಅದಕ್ಕಿಂತ ಆಳ. ನಲವತ್ತು ವರ್ಷಕ್ಕೂ ಮೇಲ್ಪಟ್ಟು ಕತ್ತರಿಯ ಹಿಡಿ ಕೂತು ಕೂತು ಆದ ಹಳ್ಳ ಅದು. ಉಂಗುರ ಬೆರಳಿನಲ್ಲೂ ಅಂಥದೇ ಒಂದು ಇತ್ತು. ಕೈ ಖಾಲಿ ಇದ್ದಾಗಲೂ ಆ ಎರಡು ಬೆರಳುಗಳು ಒಂದಕ್ಕೊಂದು ಸ್ವಲ್ಪ ದೂರವೇ ಇರುತ್ತಿದ್ದವು. ಟೀ ಲೋಟ ಹಿಡಿದರೂ ಕತ್ತರಿ ಹಿಡಿದ ಹಾಗೆಯೇ ಕಾಣುತ್ತಿತ್ತು.

ಪುಟ್ಟೇನಹಳ್ಳಿ ಕೆರೆಯಿಂದ ಎರಡು ರಸ್ತೆ ಈಚೆಗೆ ಅವರ ಕಟಿಂಗ್ ಶಾಪು. ಎಲ್ಲರೂ ಅವರನ್ನು ‘ಯಜಮಾನ್ರೇ’ ಎಂದು ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ. ಜೆ.ಪಿ. ನಗರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನಾನು ಅವರಿಗೆ ‘ಮೇಷ್ಟ್ರು’. ಹದಿನೇಳು ವರ್ಷ ಅವರ ಕೈಗೆ ತಲೆ ಕೊಟ್ಟೆ. ಅಕ್ಕಪಕ್ಕದಲ್ಲಿ ಗಾಜಿನ ಬಾಗಿಲು, ಎ.ಸಿ., ಗೋಡೆಯ ತುಂಬ ಸಿನಿಮಾ ನಟರಂಥ ಹುಡುಗರ ಫೋಟೋ ಇರುವ ಸಲೂನುಗಳು ಎದ್ದವು. ಇವರ ಅಂಗಡಿಯಲ್ಲಿ ಟಿ.ವಿ. ಕೂಡ ಇರಲಿಲ್ಲ. ಇದ್ದದ್ದು ಒಂದು ಬೆಂಚು, ಎರಡು ಕುರ್ಚಿ. ಅದರಲ್ಲೂ ಒಂದು ಕುರ್ಚಿಯ ತುಂಬ ಹಳೆಯ ಪೇಪರು.

ಅವರ ಕೆಲಸಕ್ಕೆ ಅವರದೇ ನೇಮಗಳಿದ್ದವು. ಕತ್ತರಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಬೆಚ್ಚಗೆ ಮಾಡಿಕೊಳ್ಳದೆ ಯಾರ ಕುತ್ತಿಗೆಗೂ ತಾಗಿಸುತ್ತಿರಲಿಲ್ಲ. ಕ್ಷೌರದ ಕತ್ತಿಯನ್ನು ಕನ್ನಡಿಯಲ್ಲಿ ಕಾಣದ ಹಾಗೆ ಹಿಂದಿನಿಂದಲೇ ತರುತ್ತಿದ್ದರು. “ತಲೆ ಕೊಟ್ಟೋರಿಗೆ ಕತ್ತಿ ತೋರಿಸ್ಬಾರ್ದು ಮೇಷ್ಟ್ರೆ” ಎನ್ನುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ನೇಮ ಇನ್ನೊಂದಿತ್ತು. ಬೇರೆ ಅಂಗಡಿಗಳಲ್ಲಿ ನೋಡಿ, ಕೂದಲು ಕತ್ತರಿಸುವ ಮುಂಚೆ, ನಡುನಡುವೆ, ಗಾಳಿಯಲ್ಲೇ ಕತ್ತರಿಯನ್ನು ಕಚಕಚ ಆಡಿಸುತ್ತಾರೆ. ಅದು ಅವರ ಕೈಯ ಗತ್ತು. ಇವರು ಮಾತ್ರ ಖಾಲಿ ಕತ್ತರಿಯನ್ನು ಒಂದು ಸಲವೂ ಆಡಿಸುತ್ತಿರಲಿಲ್ಲ.

ಖಾಲಿ ಕತ್ತರಿ ಆಡಿಸಿದರೆ ಮನೆಯಲ್ಲಿ ಜಗಳವಾಗುತ್ತದೆ ಎಂದು ನನ್ನ ಅಜ್ಜಿಯೂ ಹೇಳುತ್ತಿದ್ದಳು. ಯಜಮಾನರೂ ಅದೇ ಕಾರಣ ಹೇಳಿದಾಗ ನಾನು ನಕ್ಕೆ, ಅವರು ನಗಲಿಲ್ಲ. ಪೇಪರು ತುಂಬಿದ ಕುರ್ಚಿಯ ಕಡೆ ಗಲ್ಲ ಎತ್ತಿ ತೋರಿಸಿದರು.

“ಅದು ನಮ್ಮಣ್ಣನ ಕುರ್ಚಿ. ಇಬ್ರೂ ಇಲ್ಲೇ ನಿಂತ್ಕೊಂಡ್ ಕೆಲ್ಸ ಮಾಡ್ತಿದ್ವಿ. ನಾನು ಚಿಕ್ಕೋನು, ಗಿರಾಕಿ ಇಲ್ದಾಗ ಸುಮ್ನೆ ಕತ್ರಿ ಆಡಿಸ್ತಾ ಕೂತಿರೋನು. ಬ್ಯಾಡ ಕಣೋ, ಬ್ಯಾಡ ಕಣೋ ಅಂತ ಅವ್ನೂ ಅಂದ, ನಮ್ಮಪ್ಪನೂ ಅಂದ್ರು. ನಾನ್ ಕೇಳ್ಲಿಲ್ಲ.”

ತಂದೆ ತೀರಿಕೊಂಡ ವರ್ಷವೇ ಅಣ್ಣತಮ್ಮಂದಿರ ನಡುವೆ ಮಾತು ಬೆಳೆಯಿತಂತೆ. ಅಣ್ಣ ತನ್ನ ಕತ್ತರಿ, ಬಾಚಣಿಗೆ ಕಟ್ಟಿಕೊಂಡು ಹೋಗಿ ಕುಮಾರಸ್ವಾಮಿ ಲೇಔಟ್‌ನಲ್ಲಿ ಬೇರೆ ಅಂಗಡಿ ಇಟ್ಟರು. ಅಲ್ಲಿಂದಾಚೆಗೆ ಮಾತಿಲ್ಲ, ಕತೆಯಿಲ್ಲ. ನೂರು ಕಾರಣ ಇದ್ದಿರಬಹುದು. ಇವರು ಮಾತ್ರ ತಪ್ಪನ್ನೆಲ್ಲ ತಮ್ಮ ಬಲಗೈ ಮೇಲೆ ಹಾಕಿಕೊಂಡಿದ್ದರು. “ಸದ್ದಲ್ಲೇ ಗೊತ್ತಾಗುತ್ತೆ ಮೇಷ್ಟ್ರೆ” ಎಂದು ಅವತ್ತು ಹೇಳಿದ್ದರು. “ಕೂದ್ಲು ಸಿಕ್ರೆ ಕತ್ರಿ ಸದ್ದು ಮೆತ್ತಗಿರುತ್ತೆ, ಕರ್ ಕರ್ ಅಂತ. ಖಾಲಿ ಇದ್ರೆ ಕಿಣ್ ಅನ್ನುತ್ತೆ. ಆ ಕಿಣ್ ಅನ್ನೋದು ನಂಗೆ ಆಗಲ್ಲ.”

ನಾಲ್ಕು ವರ್ಷದ ಹಿಂದೆ ನನ್ನ ಹೆಂಡತಿ ತೀರಿಕೊಂಡಳು. ಅವಳ ಕಾಯಿಲೆಯ ವಿಷಯ ಇಲ್ಲಿ ಬೇಡ. ಕಾರ್ಯವೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ನನಗೆ ನಿದ್ದೆ ಎಂಬುದು ಹೊರಟುಹೋಯಿತು. ಮದುವೆಯಾದಂದಿನಿಂದ ನಾನು ಮಲಗುವುದು ಮೊದಲು, ಅವಳು ಆಮೇಲೆ. ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ಹಾಕುವುದು, ಮಾರನೆಯ ದಿನಕ್ಕೆ ಕಾಳು ನೆನೆಸುವುದು, ಚಿಲಕ ಹಾಕುವುದು, ಇವೆಲ್ಲದರ ಸಣ್ಣ ಸದ್ದು ಕೇಳುತ್ತ ಕಣ್ಣು ಮುಚ್ಚುತ್ತಿದ್ದೆ. ಮನೆಯಲ್ಲಿ ಒಬ್ಬರು ಎಚ್ಚರವಾಗಿದ್ದಾರೆ ಎಂಬ ಧೈರ್ಯದ ಮೇಲೆ ನಾನು ಮಲಗುತ್ತಿದ್ದದ್ದು ಎಂದು ಅವಳು ಹೋದ ಮೇಲೆ ತಿಳಿಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗಿದರೆ ಮಾರನೆಯ ದಿನ ಬೋರ್ಡಿನ ಮೇಲೆ ಏಳೆಂಟಲ ಎಷ್ಟು ಎಂದು ನನಗೇ ಅನುಮಾನ ಬರುತ್ತಿತ್ತು.

ನಮ್ಮ ಶಾಲೆಯ ಇಂಗ್ಲಿಷ್ ಟೀಚರು, ಚಿಕ್ಕ ವಯಸ್ಸಿನವರು, ಸ್ಟಾಫ್ ರೂಮಿನಲ್ಲಿ ನನ್ನ ಕಣ್ಣು ನೋಡಿ ಒಂದು ಉಪಾಯ ಹೇಳಿದರು. “ಸಾರ್, ಯೂಟ್ಯೂಬಲ್ಲಿ ಎಎಸ್‌ಎಂಆರ್ ಅಂತ ಹಾಕಿ. ಇಯರ್‌ಫೋನ್ ಹಾಕ್ಕೊಂಡು ಸುಮ್ನೆ ಮಲ್ಕೊಳ್ಳಿ. ನಾನು ದಿನಾ ಅದ್ರಲ್ಲೇ ನಿದ್ದೆ ಮಾಡೋದು.”

ಹಾಕಿ ನೋಡಿದೆ. ಯಾವುದೋ ದೇಶದ ಹೆಣ್ಣುಮಗಳು ಮೈಕಿನ ಹತ್ತಿರ ಬಾಯಿಟ್ಟು ಪಿಸುಗುಡುತ್ತಿದ್ದಳು, ಉಗುರಿನಿಂದ ಮರದ ಪೆಟ್ಟಿಗೆಯನ್ನು ತಟ್ಟುತ್ತಿದ್ದಳು, ಕಾಗದ ಮಡಚುತ್ತಿದ್ದಳು. ನನ್ನ ಕ್ಲಾಸಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಆದರೂ ನಿಜ ಹೇಳಬೇಕು, ನೆತ್ತಿಯಲ್ಲಿ ಏನೋ ಜುಮ್ಮೆಂದು ರೆಪ್ಪೆ ಭಾರವಾಗುತ್ತಿತ್ತು. ಅಷ್ಟರಲ್ಲಿ ನಡುವೆ ಜಾಹೀರಾತು ನುಗ್ಗಿ, ಕನಕಪುರ ರಸ್ತೆಯಲ್ಲಿ ಸೈಟು ಕೊಳ್ಳಿರಿ ಎಂದು ಕಿವಿಯೊಳಗೇ ಕೂಗಿದರೆ ಎದ್ದು ಕೂರುತ್ತಿದ್ದೆ. ಹುಡುಕುತ್ತ ಹೋದಾಗ ಕೂದಲು ಕತ್ತರಿಸುವ ವಿಡಿಯೋಗಳೂ ಸಿಕ್ಕವು. ಕತ್ತರಿ, ಬಾಚಣಿಗೆ, ನೀರು ಚಿಮುಕಿಸುವ ಸದ್ದು, ಅಷ್ಟೆ. ಅದು ಬೇರೆ ಎಲ್ಲದಕ್ಕಿಂತ ನನಗೆ ಒಗ್ಗಿತು.

ಅದೇ ತಿಂಗಳು ಒಂದು ಸಂಜೆ ಶಾಲೆ ಮುಗಿಸಿ ಯಜಮಾನರ ಕುರ್ಚಿಯಲ್ಲಿ ಕೂತೆ. ಹೆಂಡತಿಯ ವಿಷಯ ಅವರಿಗೆ ಗೊತ್ತಿತ್ತು. ಬಿಳಿ ಬಟ್ಟೆ ಹೊದಿಸಿ, ಕತ್ತರಿಯನ್ನು ಅಂಗೈಯಲ್ಲಿ ಒಂದಿಷ್ಟು ಹೊತ್ತು ಹೆಚ್ಚಿಗೇ ಹಿಡಿದು ಬೆಚ್ಚಗೆ ಮಾಡಿಕೊಂಡರು. ಕಿವಿಯ ಹಿಂದೆ ಕರ್ ಕರ್ ಎಂದು ಶುರುವಾದದ್ದು ಗೊತ್ತು. ಆಮೇಲಿನದು ಗೊತ್ತಿಲ್ಲ. ಕಣ್ಣು ಬಿಟ್ಟಾಗ ಹೊರಗೆ ಬೀದಿ ದೀಪ ಹತ್ತಿತ್ತು. ಒಂದು ಗಂಟೆಗೆ ಕಡಿಮೆಯಿಲ್ಲದೆ ಮಲಗಿದ್ದೆ.

“ಆಯ್ತು ಮೇಷ್ಟ್ರೆ, ಈಗಷ್ಟೇ ಮುಗೀತು” ಎಂದರು.

“ಏನ್ ಯಜಮಾನ್ರೆ, ಒಂದು ತಲೆಗೆ ಒಂದು ಗಂಟೆನಾ?”

“ನಿಮ್ದು ಲೆಕ್ಕದ ತಲೆ. ನಿಧಾನಕ್ಕೇ ಮಾಡ್ಬೇಕು.”

ನನ್ನ ತಲೆಯ ಮೇಲೆ ಆಗಲೇ ಅರ್ಧಕ್ಕರ್ಧ ಬಯಲು. ಉಳಿದ ಕೂದಲಿಗೆ ಒಂದು ಗಂಟೆ ಹೇಗೆ ಹಿಡಿಯಿತು ಎಂದು ನಾನು ಕೇಳಿಕೊಳ್ಳಲಿಲ್ಲ. ಗಣಿತದ ಮೇಷ್ಟ್ರು ಬೇರೆ.

ಹತ್ತು ದಿನಕ್ಕೇ ಮತ್ತೆ ಹೋದೆ. ಅವರು ನನ್ನ ತಲೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. “ಮೇಷ್ಟ್ರೆ, ಕೂದ್ಲೇ ಇಲ್ವಲ್ಲ, ಏನಂತ ಕತ್ರಿಸ್ಲಿ?” ಆಗ ನಾಚಿಕೆ ಬಿಟ್ಟು ಎಲ್ಲವನ್ನೂ ಹೇಳಿದೆ. ನಿದ್ದೆಯಿಲ್ಲದ್ದು, ಪಿಸುಗುಡುವ ವಿಡಿಯೋ, ಅವರ ಕುರ್ಚಿಯಲ್ಲಿ ಮಾತ್ರ ಕಣ್ಣು ಮುಚ್ಚಿದ್ದು. ಫೋನು ಮೇಜಿನ ಮೇಲಿಟ್ಟು, “ಹತ್ತು ನಿಮಿಷ ಇದ್ರ ಹತ್ರ ಕತ್ರಿ ಆಡಿಸಿ ಸಾಕು, ರೆಕಾರ್ಡ್ ಮಾಡ್ಕೊಂಡ್ ಹೋಗ್ತೀನಿ” ಎಂದು ಬೇಡಿದೆ.

ಅವರು ಕತ್ತರಿಯನ್ನು ಮೇಜಿನ ಮೇಲಿಟ್ಟುಬಿಟ್ಟರು. “ಬೇರೆ ಏನಾದ್ರೂ ಕೇಳಿ ಮಾಡ್ತೀನಿ. ಖಾಲಿ ಕತ್ರಿ ಆಡಿಸಲ್ಲ.” ನನ್ನ ಮುಖ ಬಾಡಿಹೋಗಿರಬೇಕು. “ಕೂದ್ಲು ಬೆಳೀಲಿ, ಬನ್ನಿ. ಫೋನೂ ತನ್ನಿ” ಎಂದರು.

ಹೀಗೆ ಕೂದಲು ಬೆಳೆಯುವುದಕ್ಕೆ ಕಾದೆ. ಆ ವಯಸ್ಸಿನಲ್ಲಿ ಕೂದಲಿಗಾಗಿ ಅಷ್ಟು ಆಸೆಯಿಂದ ಕಾದವನು ನಾನೊಬ್ಬನೇ ಇದ್ದೇನು. ಮೂರು ವಾರ ಕಳೆದು ಹೋದಾಗ ಮಧ್ಯಾಹ್ನದ ಮಳೆ, ಅಂಗಡಿಯಲ್ಲಿ ಯಾರೂ ಇರಲಿಲ್ಲ. ಫೋನನ್ನು ಕುರ್ಚಿಯಲ್ಲಿ ತಲೆ ಒರಗಿಸುವ ಹಲಗೆಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ ರೆಕಾರ್ಡಿಗೆ ಹಾಕಿದೆ.

“ನನ್ ಮಾತೂ ಬರುತ್ತಾ ಇದ್ರಲ್ಲಿ?”

“ಬರುತ್ತೆ.”

“ಹಂಗಾದ್ರೆ ನಾನ್ ಮಾತಾಡಲ್ಲ ಬಿಡಿ.”

ಮೊದಲ ಸಲದಂತೆಯೇ ಮಲಗಿಬಿಟ್ಟೆ. ಎದ್ದಾಗ ಅದೇ ಮಾತು, ಈಗಷ್ಟೇ ಮುಗೀತು. ಫೋನು ನಿಲ್ಲಿಸಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

ಆ ರೆಕಾರ್ಡಿಂಗು ಐವತ್ತೆರಡು ನಿಮಿಷದ್ದು. ಹೆಚ್ಚುಕಡಿಮೆ ಮೂರು ವರ್ಷ ಅದನ್ನು ಕಿವಿಗೆ ಹಾಕಿಕೊಂಡೇ ಮಲಗಿದೆ. ನೀರು ಚಿಮುಕಿಸುವುದು, ಬಾಚಣಿಗೆ ಕೊಡಹುವುದು, ಕರ್ ಕರ್, ಅವರ ಹವಾಯಿ ಚಪ್ಪಲಿ ನನ್ನ ಎಡದಿಂದ ಬಲಕ್ಕೆ ಸರಿಯುವುದು. ಹತ್ತನೆಯ ನಿಮಿಷ ದಾಟಿ ಒಂದು ದಿನವೂ ಎಚ್ಚರವಿದ್ದವನಲ್ಲ. ಬೆಳಿಗ್ಗೆ ತಾಳೆ ಹಾಕದೆ ಏಳೆಂಟಲ ಐವತ್ತಾರು ಎನ್ನುತ್ತಿದ್ದೆ. ಇದನ್ನು ಅವರಿಗೆ ಹೇಳಿದಾಗ ಸುಮ್ಮನೆ ಹೆಬ್ಬೆರಳಿನ ಹಳ್ಳವನ್ನು ಉಜ್ಜಿಕೊಂಡರು. “ಲೋಕದಲ್ಲಿ ಏನೇನ್ ಬಂದೈತಪ್ಪ” ಎಂದರು. ಅಷ್ಟು ಹೊತ್ತಿಗೆ ಅವರ ಮಣಿಕಟ್ಟಿನಲ್ಲಿ ನೋವು ಶುರುವಾಗಿ ಪಟ್ಟಿ ಸುತ್ತಿಕೊಂಡು ಕೆಲಸ ಮಾಡುತ್ತಿದ್ದರು. ನಾನು ಮಾತ್ರ ತಿಂಗಳಿಗೊಮ್ಮೆ ಆ ಕುರ್ಚಿಯಲ್ಲಿ ಒಂದು ಗಂಟೆ ನಿದ್ದೆ ಹೊಡೆಯುವುದು ಬಿಡಲಿಲ್ಲ.

ಕಳೆದ ವರ್ಷ, ಕಟಿಂಗ್ ಶಾಪುಗಳಿಗೆ ರಜೆಯ ದಿನವಾದ ಮಂಗಳವಾರ, ಮನೆಯಲ್ಲಿ ಊಟಕ್ಕೆ ಕೂತವರು ಎದೆ ಹಿಡಿದುಕೊಂಡು ಒರಗಿದರಂತೆ. “ಗಿರಾಕಿಗೆ ತೊಂದ್ರೆ ಆಗ್ದಂಗೆ ರಜಾ ನೋಡ್ಕೊಂಡೇ ಹೋದ್ರು” ಎಂದು ಬೀದಿಯವರು ಅಂದರು. ನೋಡಲು ಹೋದೆ. ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರೂ ಆ ಎರಡು ಬೆರಳು ದೂರವೇ ನಿಂತಿದ್ದವು. ಕಾಂಪೌಂಡಿನ ಪಕ್ಕ ವಯಸ್ಸಾದವರೊಬ್ಬರು ಒಂಟಿಯಾಗಿ ನಿಂತಿದ್ದರು. ಕಣ್ಣೊರೆಸಿಕೊಳ್ಳಲು ಕೈ ಎತ್ತಿದಾಗ ಅವರ ಹೆಬ್ಬೆರಳಿನಲ್ಲೂ ಅದೇ ಹಳ್ಳ ಕಂಡಿತು. ಅಣ್ಣ ಯಾರೆಂದು ನಾನು ಕೇಳಬೇಕಾಗಲಿಲ್ಲ.

ಆಮೇಲೆ ಕೆಲವು ದಿನ ಆ ರೆಕಾರ್ಡಿಂಗ್ ಮುಟ್ಟುವ ಧೈರ್ಯ ಬರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ, ನಿದ್ದೆಗೆಟ್ಟು ತಲೆ ಸಿಡಿಯುತ್ತಿದ್ದಾಗ ಹಾಕಿದೆ. ಹತ್ತು ನಿಮಿಷವಾಯಿತು, ನಿದ್ದೆ ಬರಲಿಲ್ಲ. ಅಳು ಬಂತು. ನಿಲ್ಲಿಸಲು ಮನಸ್ಸಾಗದೆ ಹಾಗೆಯೇ ಕೇಳುತ್ತ ಹೋದೆ. ಮೊದಲು ಕೇಳಿದ್ದು ನನ್ನ ಗೊರಕೆ. ಹೆಂಡತಿ ಬದುಕಿದ್ದಷ್ಟು ದಿನ ದೂರುತ್ತಿದ್ದಳು, ನಾನು ಒಪ್ಪಿರಲಿಲ್ಲ. ಅವಳ ಮಾತು ನಿಜವಿತ್ತು.

ಹದಿನೆಂಟನೆಯ ನಿಮಿಷಕ್ಕೆ ಬಟ್ಟೆ ಕೊಡಹಿದ ಸದ್ದು ಬಂತು. ಕಟಿಂಗು ಮುಗಿದಿತ್ತು. ಕತ್ತರಿ ನಿಂತಿತು. ನನ್ನ ಗೊರಕೆಯೂ ನಿಂತು, ನಾನು ಹೊರಳಿದ್ದು ಕುರ್ಚಿಯ ಕಿರುಗುಟ್ಟುವಿಕೆಯಲ್ಲಿ ಗೊತ್ತಾಯಿತು. ಎರಡು ಕ್ಷಣ ಬರೀ ಮಳೆ. ಆಮೇಲೆ ಕತ್ತರಿ ಮತ್ತೆ ಶುರುವಾಯಿತು. ಈ ಸಲ ಕರ್ ಕರ್ ಇಲ್ಲ.

ಕಿಣ್, ಕಿಣ್, ಕಿಣ್.

ಎದ್ದು ಕೂತೆ. ಇಪ್ಪತ್ತು ನಿಮಿಷ ಕಳೆದರೂ ಅದು ನಿಲ್ಲಲಿಲ್ಲ. ನಡುವೆ ಯಾರೋ ಒಳಗೆ ಬಂದು ಛತ್ರಿ ಮಡಚಿದರು.

“ಇದೇನ್ ಯಜಮಾನ್ರೆ, ಕಟಿಂಗ್ ಆಗೋಗಿದ್ಯಲ್ಲ? ಖಾಲಿ ಕತ್ರಿ ಆಡಿಸ್ತಾ ಇದೀರ? ನೀವಾ!”

“ಮೆಲ್ಲಗ್ ಮಾತಾಡು. ನಿಲ್ಸಿದ್ರೆ ಎದ್ದುಬಿಡ್ತಾರೆ.” ಯಜಮಾನರು ಪಿಸುಗುಟ್ಟುತ್ತಿದ್ದರು, ಆ ವಿಡಿಯೋದವರಿಗಿಂತ ಮೆತ್ತಗೆ. “ಮನೇವ್ರು ಹೋದ್ಮೇಲೆ ಮನುಷ್ಯ ಮಲಗೇ ಇಲ್ಲ.”

“ಅಲ್ಲ, ನೀವೇ ಹೇಳ್ತಿದ್ರಲ್ಲ, ಜಗಳ ಆಗುತ್ತೆ ಅಂತ...”

“ಆಗೋ ಜಗಳ ಎಲ್ಲಾ ನಂಗೆ ಆಗೋಗಿದೆ. ಮಲಗ್ಲಿ ಬಿಡು.”

ಅವರು ತಿಂಗಳಿಗೊಮ್ಮೆ, ಪಟ್ಟಿ ಸುತ್ತಿದ ಕೈಯಲ್ಲಿ, ತಮಗಾಗದ ಆ ಸದ್ದನ್ನು ನನ್ನ ತಲೆಯ ಮೇಲೆ ಮಾಡುತ್ತ ನಿಂತಿದ್ದರು. ನಾನು ಒಂದು ಸಲವೂ ಅದನ್ನು ಕೇಳಿಸಿಕೊಂಡವನಲ್ಲ. ಈಗ ಅವರಿಗೆ ಹೇಳೋಣವೆಂದರೆ ಅವರಿಲ್ಲ.

ಐವತ್ತೊಂದನೆಯ ನಿಮಿಷಕ್ಕೆ ಕತ್ತರಿ ಮೇಜಿನ ಮೇಲೆ ಕೂತಿತು. ನಾನು ಆಕಳಿಸಿದ್ದು ಕೇಳಿಸಿತು. ಎಷ್ಟು ಹೊತ್ತಾಯಿತು ಯಜಮಾನ್ರೆ ಎಂದು ನನ್ನದೇ ದನಿ ಕೇಳಿತು.

“ಈಗಷ್ಟೇ ಮುಗೀತು ಮೇಷ್ಟ್ರೆ. ಏಳಿ.”