ಚೆಂಡಿನ ಮುಂದೆ ನಿಂತ ಕೈ

ನನ್ನ ಗಂಡನಿಗೆ ಗಾಲ್ಫ್ ಹುಚ್ಚು ಹಿಡಿದದ್ದು ಕ್ವಾಲಾಲಂಪುರಕ್ಕೆ ಬಂದ ಮೇಲೆ. ಮಣಿಪಾಲದಲ್ಲಿ ಕೇರಂ ಬೋರ್ಡನ್ನೂ ಮುಟ್ಟದವರು, ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ನರರೋಗದ ಪಾಠ ಮುಗಿಸಿ ನೇರ ಡ್ರೈವಿಂಗ್ ರೇಂಜಿಗೆ ಓಡುತ್ತಿದ್ದರು. ಅವರು ಅಲ್ಲಿ ಚೆಂಡು ಹೊಡೆದು ಅಭ್ಯಾಸ ಮಾಡುವಾಗ ಬೆಂಚಿನ ಮೇಲೆ ಕೂತು ಇಲ್ಲಿನ ನೊರೆ ಚಹಾ, ತೆಹ್ ತಾರಿಕ್, ಕುಡಿಯುವುದು ನನ್ನ ಪಾಲಿನ ಆಟ.

ಹೋದ ವರ್ಷ ಅವರ ಹೊಡೆತದ ಆರಂಭವೇ ಕೆಟ್ಟಿತು. ಹೊಡೆಯುವ ಕೋಲನ್ನು, ಅದೇ ಕ್ಲಬ್ಬನ್ನು, ಚೆಂಡಿನ ಹಿಂದಿಟ್ಟು ನಿಲ್ಲುವರು, ನಿಂತೇ ಇರುವರು. ಆಮೇಲೆ ಯಾರೋ ಜಗ್ಗಿದಂತೆ ತಟ್ಟನೆ ಹಿಂದಕ್ಕೆಳೆಯುವರು. ಕ್ಲಬ್ ಸರಿಯಿಲ್ಲ, ಮ್ಯಾಟ್ ಸರಿಯಿಲ್ಲ ಎಂದು ಗೊಣಗುವರು. "ಕುಣಿಯಲಾರದವಳಿಗೆ ನೆಲ ಡೊಂಕಂತೆ" ಎಂದು ನಾನು ನಗುತ್ತಿದ್ದೆ.

ಅಲ್ಲಿನ ಕೋಚ್ ತಮಿಳರು, ತಾಳ್ಮೆಯ ಮನುಷ್ಯ. "ಸ್ಲೋ ಲಾ, ಡಾಕ್ಟರ್. ಫಸ್ಟ್ ಶೋಲ್ಡರ್" ಎನ್ನುತ್ತಿದ್ದರು. ಕಂಕುಳಲ್ಲಿ ಟವೆಲ್ ಸಿಕ್ಕಿಸಿ, ಅದು ಬೀಳದ ಹಾಗೆ ಭುಜ, ತೋಳು, ಕ್ಲಬ್ ಒಟ್ಟಿಗೆ ತಿರುಗಲಿ, ಮಣಿಕಟ್ಟು ಅವಸರಪಡದಿರಲಿ ಎಂದು ತಿಂಗಳುಗಟ್ಟಲೆ ಕಲಿಸಿದರು. ಕೊನೆಗೆ ಸೋತು, ಫೋನಿನಲ್ಲಿ ವಿಡಿಯೊ ಹಿಡಿದು ತೋರಿಸಿದರು.

ಅದರಲ್ಲಿ, ಹೊಡೆಯುವ ಮುಂಚೆ ಸುಮ್ಮನೆ ನಿಂತಿದ್ದಾಗ, ನನ್ನವರ ಬಲಗೈ ಪಕ್ಕಕ್ಕೆ ಜೋತಿತ್ತು. ಹೆಬ್ಬೆರಳು ತೋರುಬೆರಳ ಮೇಲೆ ಗುಳಿಗೆ ಉರುಳಿಸುವಂತೆ ಆಡುತ್ತಿತ್ತು. ಅವರು ಮತ್ತೊಮ್ಮೆ ನೋಡಿದರು. ಮುಖ ಬಣ್ಣಗೆಟ್ಟಿತು.

"ಪಾರ್ಕಿನ್ಸನ್ಸ್ ಮಾರಾಯ್ತಿ" ಎಂದರು. "ಬೇರೆಯವರದ್ದಾದ್ರೆ ಬಾಗಿಲಲ್ಲಿ ಬರುವಾಗ್ಲೇ ಹಿಡೀತಿದ್ದೆ."

ವರ್ಷಗಟ್ಟಲೆ ವಿದ್ಯಾರ್ಥಿಗಳಿಗೆ ಗುರುತಿಸಲು ಕಲಿಸಿದ ನಡುಕದ ರೋಗ ಅದು. ಕೋಚ್ ಟವೆಲ್ ಮಡಚುತ್ತ ನಿಂತರು. ಮನೆಗೆ ಬಂದು ನಾವಿಬ್ಬರೂ ಊಟ ಮಾಡಲಿಲ್ಲ.

ಹೊರಗಿನಿಂದ ಯಾರಾದರೂ ಸೂಚನೆ ಕೊಟ್ಟರೆ ನಿಂತ ಕೈ ಹೊರಡುತ್ತದೆ ಎಂದು ನನ್ನವರೇ ಉಪಾಯ ಹೇಳಿದರು. ನಾನು ಬೆಂಚು ಬಿಟ್ಟು ಹತ್ತಿರ ನಿಲ್ಲತೊಡಗಿದೆ. "ಹೂಂ" ಎಂದರೆ ಸಾಕು, ಕ್ಲಬ್ ನಿಧಾನವಾಗಿ, ಚೆಂದವಾಗಿ ಹಿಂದಕ್ಕೆ ಹೋಗುತ್ತಿತ್ತು. ಇಷ್ಟು ಒಳ್ಳೆಯ ಆರಂಭ ಡಾಕ್ಟರಿಗೆ ಹಿಂದೆಂದೂ ಬಂದಿರಲಿಲ್ಲ ಎಂದು ಕೋಚ್ ಮೆಚ್ಚಿದರು. ಹುಚ್ಚು ಮನಸ್ಸು, ಇನ್ನೇನು ಗುಣವಾಗಿಬಿಟ್ಟಿತು ಎಂದುಕೊಂಡೆ.

ಈ ಭಾನುವಾರ "ಹೂಂ" ಎಂದೆ. ಕ್ಲಬ್ ಅಲುಗಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಎಂದೆ. ಪಕ್ಕದಲ್ಲಿ ಆಡುತ್ತಿದ್ದವರು ತಿರುಗಿ ನೋಡಿದರು.

ಅವರು ಚೆಂಡಿನಿಂದ ಕಣ್ಣೆತ್ತದೆ ಮೆಲ್ಲಗೆ ಹೇಳಿದರು: "ನಂಗೆ ಕೇಳ್ತದೆ ಮಾರಾಯ್ತಿ. ಕೈಗೆ ಹೇಳು."

ನಾನು ಆ ಕೈಯನ್ನು ಹಿಡಿದುಕೊಂಡು ಎಲ್ಲರೆದುರೇ ಅತ್ತುಬಿಟ್ಟೆ.